ದಾಟಿ ಬಂದ ಮರ

ಸಮುದ್ರ ಒಣಗಿದೆ ಎಂದು ನಾನು ಹೇಳಲೇ ಇಲ್ಲ. ಪನಾಮಾ ಎಂಬಲ್ಲಿ ಮಳೆ ಕಡಿಮೆಯಾಗಿದೆ, ಅಲ್ಲಿಯ ಕಾಲುವೆಯಲ್ಲಿ ಹಡಗುಗಳು ಸರದಿಗೆ ಕಾಯುತ್ತಿವೆ, ಅದಕ್ಕೇ ಸಾಗುವಾನಿಯ ದರ ಏರಿದೆ ಎಂದಷ್ಟೇ ಹೇಳಿದ್ದು. ಅದೂ ಫೋನಿನಲ್ಲಿ, ಎದುರಿನವರಿಗೆ ನನ್ನ ಮುಖ ಕಾಣುವುದಿಲ್ಲ ಎಂಬ ಧೈರ್ಯದಿಂದ. ಅಡ್ಡಗದ್ದೆಯ ಬೈರಪ್ಪನವರು ಪೂರ್ತಿ ಕೇಳಿಸಿಕೊಂಡು ‘ಆಯ್ತು’ ಎಂದು ಫೋನಿಟ್ಟರು. ಆಮೇಲೆ ಶೃಂಗೇರಿಯ ಯಾವುದೋ ಹೋಟೆಲಿನಲ್ಲಿ ಕೂತು ಅದನ್ನು ತಮ್ಮದೇ ರೀತಿಯಲ್ಲಿ ಹೇಳಿದ್ದಾರೆ. ವಾರ ಕಳೆಯುವುದರೊಳಗೆ ಮಾತು ಬಸ್ಸು ಹತ್ತಿ ನರಸಿಂಹರಾಜಪುರಕ್ಕೆ ಬಂದಿತ್ತು. ನಾನು ಕೊಪ್ಪದಿಂದ ಬಂದು ಬಸ್ಸಿಳಿಯುತ್ತಿದ್ದರೆ ಹೂವಿನ ಶಾಂತಕ್ಕ ಕರೆದು, ‘ಸಂಪದಾ, ಸಮುದ್ರಕ್ಕೆ ನೀರು ಬಂತಾ? ಇಲ್ಲ ಅಂದ್ರೆ ನಮ್ಮನೆ ಬಾವಿಯಿಂದ ಎರಡು ಕೊಡ ಕೊಡ್ತೆ’ ಎಂದು ಕೇಳಿದರು. ನಾನು ನಕ್ಕಂತೆ ಮಾಡಿ, ತಲೆ ತಗ್ಗಿಸಿ ನಡೆದೆ.

ನಾನು ಕೆಲಸ ಮಾಡುವುದು ನರಸಿಂಹರಾಜಪುರದ ಗಜಾನನಣ್ಣನ ಮರದ ಡಿಪೋದಲ್ಲಿ. ಬಿ.ಕಾಂ. ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತು ದಿನಚರಿ ತುಂಬಿಸುತ್ತಿದ್ದವಳನ್ನು ಅಪ್ಪ ಇಲ್ಲಿಗೆ ಸೇರಿಸಿದರು. ಗಜಾನನಣ್ಣ ಅಪ್ಪನ ಸ್ನೇಹಿತರು. ಬಿಲ್ಲು, ಫೋನು, ಕಂಪ್ಯೂಟರು ನನ್ನ ಪಾಲು. ಗಿರಾಕಿಗಳ ಜೊತೆ ಮಾತು ಅವರ ಪಾಲು. ಹಾಗಂತ ಒಪ್ಪಂದವೇ ಆಗಿತ್ತು. ದರ ಏರಿಸುವ ಕಾಲ ಬಂದಾಗ ಮಾತ್ರ ಅವರು ಆ ಒಪ್ಪಂದ ಮರೆತರು.

ಸುತ್ತ ಇಷ್ಟು ಕಾಡಿರುವ ಊರಿಗೆ ಮರ ಹಡಗಿನಲ್ಲಿ ಬರುತ್ತದೆ ಎಂದರೆ ಹೊರಗಿನವರಿಗೆ ತಮಾಷೆ. ನಮ್ಮ ಕಾಡಿನ ಸಾಗುವಾನಿ ಸರ್ಕಾರದ್ದು. ಅದು ಹರಾಜಿಗೆ ಬಂದರೂ ಸಾಮಾನ್ಯರ ಕೈಗೆ ಎಟುಕುವುದಿಲ್ಲ. ಈಕ್ವೆಡಾರ್ ಎಂಬ ದೇಶದಲ್ಲಿ ನಾವು ಅಡಿಕೆ ಬೆಳೆದಂತೆ ಸಾಗುವಾನಿ ಬೆಳೆಯುತ್ತಾರೆ. ಆ ದಿಮ್ಮಿಗಳು ಪನಾಮಾ ಕಾಲುವೆ ದಾಟಿ, ಅರ್ಧ ಭೂಮಿ ಸುತ್ತಿ ಬಂದರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಘಟ್ಟ ಹತ್ತುತ್ತವೆ. ಕೊಪ್ಪ, ಶೃಂಗೇರಿ ಕಡೆಯ ಎಷ್ಟೋ ಹೊಸ ಮನೆಗಳ ಬಾಗಿಲು ಅಲ್ಲಿಯದೇ.

ಬೈರಪ್ಪನವರ ಹೆಂಡತಿ ಜಲಜಮ್ಮ ದಸರೆ ಕಳೆದ ಮೇಲೆ ಡಿಪೋಕ್ಕೆ ಬಂದು ಮನೆಯ ಮುಂಬಾಗಿಲಿನ ದಾರಂದಕ್ಕೆ ಮಾತು ಕೊಟ್ಟಿದ್ದರು. ದಾರಂದ ಎಂದರೆ ಬಾಗಿಲಿನ ಚೌಕಟ್ಟು. ಅದನ್ನು ಮುಹೂರ್ತ ನೋಡಿ ನಿಲ್ಲಿಸಿ, ಪೂಜೆ ಮಾಡಿ, ಆಮೇಲೆ ಅದರ ಎರಡೂ ಬದಿಗೆ ಗೋಡೆ ಏಳಬೇಕು. ಗಜಾನನಣ್ಣನ ಅಪ್ಪನ ಕಾಲದಿಂದ ಡಿಪೋದಲ್ಲಿ ಒಂದು ಪದ್ಧತಿ ಇದೆ. ಬೇರೆ ಮರಕ್ಕೆಲ್ಲ ಅಡ್ವಾನ್ಸು, ದಾರಂದಕ್ಕೆ ಮಾತ್ರ ಎಲೆ ಅಡಿಕೆ. ಗಿರಾಕಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ತಂದು ಕೊಡುತ್ತಾರೆ. ಮಾಲೀಕರು ಎರಡೂ ಕೈ ಚಾಚಿ ತೆಗೆದುಕೊಂಡರೆ ದರ ಮುಗಿಯಿತು. ಮತ್ತೆ ಅದರ ಬಗ್ಗೆ ಮಾತಿಲ್ಲ. ಜಲಜಮ್ಮನ ತಟ್ಟೆ ತೆಗೆದುಕೊಂಡಾಗ ಪಕ್ಕದಲ್ಲಿ ನಾನೇ ನಿಂತಿದ್ದೆ.

ಈಗ ಅದೇ ದರವನ್ನು ಮೂರರಲ್ಲೊಂದು ಪಾಲು ಹೆಚ್ಚಿಸಿ ಹೇಳು ಎಂದು ಗಜಾನನಣ್ಣ ನನಗೆ ಫೋನು ಕೊಟ್ಟಿದ್ದರು.

ಸಮುದ್ರದ ಮಾತು ಊರಾಡಿದ ಮರುವಾರ ಜಲಜಮ್ಮ ಸ್ವತಃ ಬಂದರು. ಬಸ್ ಸ್ಟ್ಯಾಂಡಿನ ಕಡೆಯಿಂದ ಅವರು ನಡೆದು ಬರುವುದು ಗಾಜಿನಲ್ಲಿ ಕಂಡದ್ದೇ ಗಜಾನನಣ್ಣ, ಬ್ಯಾಂಕಿಗೆ ಹೋಗಿ ಬರುತ್ತೇನೆ, ನೀನು ಸಮಾಧಾನ ಮಾಡಿ ಕಳಿಸು ಎಂದು ಹಿಂಬಾಗಿಲಿನಿಂದ ಹೊರಟರು. ಅಂದು ಎರಡನೇ ಶನಿವಾರ. ಬ್ಯಾಂಕಿಗೆ ರಜೆ.

ಜಲಜಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ಕೈಯಲ್ಲಿ ದೊಡ್ಡ ಚೀಲವಿತ್ತು. ಅವರ ತವರು ಭದ್ರಾ ಹಿನ್ನೀರಿನ ಆಚೆ ದಡದಲ್ಲಿ. ದಾರಂದ ನಿಲ್ಲಿಸುವ ದಿನಕ್ಕೆ ತಮ್ಮನ ಮನೆಯವರನ್ನು ಕರೆಯಲು ಹೊರಟಿದ್ದರು. ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದರೆ, ಅವರು ಬೈಯದೆ ವಿಷಯ ಹೇಳಿದರು. ಅಣ್ಣತಮ್ಮಂದಿರು ಪಾಲಾದ ಮೇಲೆ ಹಳೇ ಮನೆ ಬೈರಪ್ಪನವರ ಅಣ್ಣನಿಗೆ ಹೋಗಿದೆ. ಇವರು ಹೋದ ಮಳೆಗಾಲವನ್ನು ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಕಳೆದಿದ್ದಾರೆ. ಜೋಯಿಸರು ಕೊಟ್ಟ ಮುಹೂರ್ತ ಯುಗಾದಿಗೆ ಮುಂಚೆ. ಅದು ತಪ್ಪಿದರೆ ಇಬ್ಬರ ಜಾತಕಕ್ಕೂ ಹೊಂದುವ ದಿನ ಸಿಗುವುದು ಮಳೆಗಾಲ ಕಳೆದೇ. ದಾರಂದ ನಿಲ್ಲದೆ ಗೋಡೆ ಇಲ್ಲ, ಗೋಡೆ ಇಲ್ಲದೆ ಮಾಡು ಇಲ್ಲ. ಇನ್ನೊಂದು ಮಳೆಗಾಲ ಶೆಡ್ಡಿನಲ್ಲಿ ಕಳೆಯುವುದು ತಮ್ಮಿಂದ ಆಗದು.

‘ನೀನು ಹೇಳಿದ ದರಕ್ಕೆ ನಮ್ಮನೇರು ದಾರಂದವೇ ಬೇಡ ಅಂತ ಕೂತಿದಾರೆ,’ ಎಂದರು. ‘ಸಿಮೆಂಟಿಂದು ನಿಲ್ಸನ ಅಂತಾರೆ. ಸಿಮೆಂಟಿನ ಬಾಗಿಲಿಗೆ ಅರಿಶಿನ ಹಚ್ಚಕ್ಕಾಗ್ತದಾ ಹೇಳು? ಅದೆಂತ ಕಾಲುವೆ ಮಾರಾಯ್ತಿ ಅದು? ಸಮಾ ಹೇಳು ನಂಗೆ.’

ನಾನು ಬಾಯಿ ತೆರೆದೆ. ಹೊರಗೆ ಗರಗಸದ ಮಿಲ್ಲು ಶುರುವಾಯಿತು. ಅದರ ಸದ್ದಿನಲ್ಲಿ ನನ್ನ ದನಿ ಇದ್ದೂ ಇಲ್ಲದಂತೆ. ಜಲಜಮ್ಮ ಗಡಿಯಾರ ನೋಡಿ, ದೋಣಿ ತಪ್ಪಿಹೋದರೆ ಕಷ್ಟ, ಕಡವಿನ ತನಕ ಬಾ, ದಾರಿಯಲ್ಲಿ ಹೇಳು ಎಂದರು. ಸಮಾಧಾನ ಮಾಡಿ ಕಳಿಸು ಎಂದಿದ್ದರಲ್ಲ. ನಾನು ಮಿಲ್ಲಿನ ಮಂಜಯ್ಯನಿಗೆ ಆಫೀಸು ನೋಡಿಕೊಳ್ಳಲು ಹೇಳಿ ಅವರ ಜೊತೆ ಆಟೋ ಹತ್ತಿದೆ.

ಹಿನ್ನೀರು ಅಷ್ಟು ಕೆಳಗೆ ಇಳಿದದ್ದನ್ನು ನಾನು ನೋಡಿರಲಿಲ್ಲ. ಆಟೋ ಬಿಟ್ಟ ಜಾಗದಿಂದ ನೀರಿನವರೆಗೆ ಬಿರುಕು ಬಿಟ್ಟ ಮಣ್ಣಿನ ಮೇಲೆ ನಡೆಯಬೇಕಾಯಿತು. ಅಣೆಕಟ್ಟು ಕಟ್ಟುವ ಮುಂಚೆ ಇದ್ದ ರಸ್ತೆಯೊಂದು ಮೇಲೆದ್ದಿತ್ತು, ಅದರ ಪಕ್ಕದಲ್ಲಿ ಸಾಲಾಗಿ ಹಳೇ ಮರಗಳ ಕಪ್ಪು ಬೊಡ್ಡೆಗಳು. ದೋಣಿ ಅರ್ಧ ಖಾಲಿ ಇತ್ತು. ಆದರೂ ದೋಣಿಯವನು ಇನ್ನಿಬ್ಬರನ್ನು ಹತ್ತಿಸಲಿಲ್ಲ. ಒಬ್ಬ ಬೈಕಿನವನನ್ನು ಅವನ ಬೈಕಿನ ಸಮೇತ ದಡದಲ್ಲೇ ಬಿಟ್ಟ. ಜಲಜಮ್ಮ ಅಷ್ಟರಲ್ಲೇ ನನ್ನ ಕೈ ಹಿಡಿದು ಹತ್ತಿಸಿಕೊಂಡಿದ್ದರು. ನೀನಿನ್ನೂ ಏನೂ ಹೇಳಿಲ್ಲ, ಹೇಗೂ ಇದೇ ದೋಣಿ ವಾಪಸ್ ಬರುತ್ತದೆ, ಹೋಗಿ ಬಾ ಎಂದರು.

‘ಮಳೆಗಾಲ ಕಳ್ದಾಗ ಅಕ್ಕಿ ಮೂಟೆ, ಹಿಂಡಿ ಮೂಟೆ, ಎರಡೆರಡು ಬೈಕು, ಎಲ್ಲ ಒಂದೇ ಸಲಕ್ಕೆ ಹಾಕ್ತಿದ್ದೆ,’ ದೋಣಿಯವನು ಬೈಕಿನವನಿಗೆ ಕೂಗಿ ಹೇಳುತ್ತಿದ್ದ. ‘ಈಗ ಭಾರ ಹಾಕಿದ್ರೆ ಬೊಡ್ಡೆ ಮೇಲೆ ಕೂರ್ತದೆ. ನೀನೇ ಇಳಿದು ನೂಕ್ತೀಯಾ?’

ಆಗ ನನಗೆ ಹೇಳುವ ದಾರಿ ಹೊಳೆಯಿತು. ಜಲಜಮ್ಮನ ಕಡೆ ನೋಡದೆ, ನೀರನ್ನು ನೋಡುತ್ತ ಹೇಳಿದೆ. ಪನಾಮಾದ ಕಾಲುವೆಯಲ್ಲಿ ಇರುವುದು ಸಮುದ್ರದ ನೀರಲ್ಲ. ಎರಡು ಸಮುದ್ರಗಳ ನಡುವೆ ಗುಡ್ಡ ಇದೆ, ಗುಡ್ಡದ ಮೇಲೆ ಒಂದು ಹಿನ್ನೀರು, ಇದೇ ಥರ ಹೊಳೆಗೆ ಅಣೆ ಕಟ್ಟಿ ನಿಲ್ಲಿಸಿದ್ದು. ಹಡಗನ್ನು ದೊಡ್ಡ ತೊಟ್ಟಿಯೊಳಗೆ ಬಿಟ್ಟು, ಬಾಗಿಲು ಹಾಕಿ, ಮೇಲಿನಿಂದ ನೀರು ತುಂಬಿಸುತ್ತಾರೆ. ನೀರಿನ ಜೊತೆ ಹಡಗೂ ಏಳುತ್ತದೆ. ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ, ಹಿನ್ನೀರು ದಾಟಿಸಿ, ಆಚೆ ಬದಿ ಇಳಿಸುತ್ತಾರೆ. ಪ್ರತಿ ಹಡಗಿಗೂ ಹಿನ್ನೀರಿನ ತೊಟ್ಟಿಗಟ್ಟಲೆ ಸಿಹಿನೀರು ಸಮುದ್ರಕ್ಕೆ ಹೋಗಿಬಿಡುತ್ತದೆ. ಆ ಊರಿನವರು ಕುಡಿಯುವುದೂ ಅದೇ ನೀರು. ಮಳೆ ಬರಲಿಲ್ಲ ಎಂದರೆ ಹಿನ್ನೀರು ಇಳಿಯುತ್ತದೆ. ಆಗ ದಿನಕ್ಕೆ ಬಿಡುವ ಹಡಗು ಕಡಿಮೆ, ಹಡಗು ಹೊರುವ ಭಾರವೂ ಕಡಿಮೆ. ಕಾಯಲು ಆಗದವರಿಗೆ ಸರದಿಯನ್ನೇ ಹರಾಜು ಹಾಕುತ್ತಾರೆ. ಅದನ್ನು ಹಡಗಿನವರು ಬಾಡಿಗೆಗೆ ಸೇರಿಸುತ್ತಾರೆ, ಮರದ ವ್ಯಾಪಾರಿಗಳು ಮರಕ್ಕೆ ಸೇರಿಸುತ್ತಾರೆ, ಕೊನೆಗೆ ಅದು ಅಡ್ಡಗದ್ದೆಯ ಮುಂಬಾಗಿಲಿಗೆ ಬಂದು ಸೇರುತ್ತದೆ.

ಒಂದೇ ಉಸಿರಿಗೆ ಇಷ್ಟು ಮಾತು ನಾನು ಯಾರೆದುರೂ ಆಡಿದ್ದಿಲ್ಲ. ಹೇಳಿ ಮುಗಿಸಿದಾಗ ದೋಣಿಯವನೂ ಕೇಳುತ್ತಿದ್ದ.

‘ಹಂಗಾದ್ರೆ ಅವನೂ ನನ್ನ ಹಂಗೇ ಬೈಸ್ಕಂತಿದಾನೆ ಅನ್ನು,’ ಎಂದ ಅವನು. ಪನಾಮಾದ ಮೇಲೆ ಅವನಿಗೆ ಪ್ರೀತಿಯೇ ಬಂದಂತಿತ್ತು.

ದೋಣಿಯ ತಳ ಎಲ್ಲೋ ಸವರಿ ಕಿರ್ರೆಂದಿತು. ಅಂಚು ಹಿಡಿದುಕೊಂಡೇ ಜಲಜಮ್ಮ ತಲೆಯಾಡಿಸಿದರು. ಅರ್ಥವಾಯಿತು, ಇದು ಸುಳ್ಳಲ್ಲ, ನಮ್ಮನೇರು ಹೋಟೆಲಿನಲ್ಲಿ ಆಡಿದ್ದು ತಪ್ಪು ಎಂದರು. ನನ್ನೊಳಗೆ ಏನೋ ಅರಳಿತು. ಇನ್ನು ಹೊಸ ದರ ಒಪ್ಪುತ್ತಾರೆ ಎಂದುಕೊಂಡೆ. ಆಗ ಅವರು ದೋಣಿಯವನತ್ತ ತಿರುಗಿದರು.

‘ಅಲ್ವೋ, ನೀರು ಇಳಿದ ಮೇಲೆ ಮೂಟೆಗೆ ಕೂಲಿ ಹೆಚ್ಚು ಮಾಡಿದ್ಯಲ್ಲ. ದೀಪಾವಳಿಗೆ ಮುಂಚೆ ನಮ್ಮ ತಮ್ಮನ ಮನೆಗೆ ದಾಟಿಸಿದ ಮೂಟೆಗೂ ಈಗಿನ ಕೂಲಿ ಕೇಳ್ತೀಯಾ?’

‘ಅದೆಂತಕ್ಕೆ ಕೇಳನ? ಅದು ಆಗ್ಲೇ ದಾಟಿ ಆಯ್ತಲ್ಲ.’

ಜಲಜಮ್ಮ ನನ್ನ ಕಡೆ ತಿರುಗಿದರು. ‘ಈಗ ಹೇಳು ಹುಡುಗಿ. ನನ್ನ ದಾರಂದದ ಮರ ದಾಟಿ ಬಂದದ್ದಾ, ಇನ್ನೂ ದಾಟಬೇಕಾದದ್ದಾ?’

ಉತ್ತರ ಡಿಪೋದ ಹಿಂದಿನ ಶೆಡ್ಡಿನಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಇತ್ತು. ದಸರೆಯ ಹೊತ್ತಿಗೆ ಬಂದ ಒಂದು ಲೋಡು ಸಾಗುವಾನಿ. ಲಾರಿಯಿಂದ ಇಳಿಸುವಾಗ ಎಣಿಸಿಕೊಂಡವಳೇ ನಾನು. ಆಮೇಲೆ ಅದಕ್ಕೆ ಟಾರ್ಪಾಲು ಹೊದೆಸಿ, ಅದು ಶಿವಮೊಗ್ಗದ ಪಾರ್ಟಿಯದ್ದು, ಮುಟ್ಟಬೇಡಿ ಎಂದು ಗಜಾನನಣ್ಣ ಹೇಳಿದ್ದರು. ನಾನು ನಂಬಿದ್ದೆ. ಯಾವ ಪಾರ್ಟಿ ಎಂದು ಕೇಳಬೇಕೆನ್ನಿಸಿರಲಿಲ್ಲ. ಬಿಲ್ಲು ಮಾಡುವವಳು ನಾನೇ. ಆ ಪಾರ್ಟಿಗೆ ಒಂದು ಬಿಲ್ಲೂ ಮಾಡಿರಲಿಲ್ಲ.

ಆಚೆ ದಡದಲ್ಲಿ ಇಳಿಯುವಾಗ ಜಲಜಮ್ಮನಿಗೆ ಹೇಳಿದೆ, ಗೊತ್ತಿಲ್ಲ, ತಿಳಿದು ಹೇಳುತ್ತೇನೆ. ಸೋಮವಾರ ಫೋನ್ ಮಾಡುತ್ತೇನೆ. ಅವರು, ‘ನೀನೇ ಮಾಡು, ಗಜಾನನನ ಕೈಗೆ ಫೋನು ಕೊಡಬೇಡ’ ಎಂದು ದಿಬ್ಬ ಹತ್ತಿ ಹೋದರು.

ಡಿಪೋಕ್ಕೆ ವಾಪಸ್ ಬಂದಾಗ ಮಿಲ್ಲು ನಿಂತಿತ್ತು. ಮಂಜಯ್ಯ ಬುತ್ತಿ ಬಿಚ್ಚಿ ಕೂತಿದ್ದ. ಟಾರ್ಪಾಲಿನ ಕೆಳಗಿನದು ಯಾವ ಪಾರ್ಟಿಯದು ಎಂದು ಅವನನ್ನು ಕೇಳಿದೆ. ‘ಎಂತ ಪಾರ್ಟಿ? ಮೊನ್ನೆ ಮೇಗುಂದದೋರಿಗೆ ಅದರದ್ದೇ ಎರಡು ದಿಮ್ಮಿ ಕೊಯ್ದು ಕೊಟ್ಟೆ,’ ಎಂದು ಅವನು ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಇದ್ದ. ಮೇಗುಂದ ಊರಿನ ಆ ಗಿರಾಕಿಗಳ ಬಿಲ್ಲು ನನಗೆ ನೆನಪಿತ್ತು. ಹೊಸ ದರದ್ದು.

ಗಜಾನನಣ್ಣ ಸಂಜೆ ನಾಲ್ಕರ ಹೊತ್ತಿಗೆ, ಬ್ಯಾಂಕಿನಲ್ಲಿ ರಶ್ಶೋ ರಶ್ಶು ಎನ್ನುತ್ತ ಬಂದರು. ಸಾಮಾನ್ಯವಾಗಿ ನಾನು ಇಂಥ ಮಾತನ್ನು ದಿನಚರಿಯಲ್ಲಿ ಬರೆದು, ಮರುದಿನ ಏನೂ ಆಗಿಲ್ಲವೆಂಬಂತೆ ಬಂದು ಕೂರುವವಳು. ಅವತ್ತು ದೋಣಿಯಲ್ಲಿ ಬಿಚ್ಚಿಕೊಂಡ ನಾಲಗೆ ಇನ್ನೂ ಒಳಗೆ ಹೋಗಿರಲಿಲ್ಲ ಎಂದು ತೋರುತ್ತದೆ. ಎದ್ದು ನಿಂತು ಕೇಳಿದೆ, ಹಿಂದಿನ ಶೆಡ್ಡಿನ ಮರ ದಸರೆಗೆ ಬಂದದ್ದಲ್ಲವಾ?

ಅವರು ಅಲ್ಲ ಎನ್ನಲಿಲ್ಲ. ಕುರ್ಚಿಯಲ್ಲಿ ಕೂತು ನನ್ನನ್ನೂ ಕೂರಿಸಿದರು. ಅವರು ಕೆಟ್ಟವರಲ್ಲ. ಅವರಿಗೂ ಒಂದು ನ್ಯಾಯ ಇತ್ತು.

‘ನೋಡು ಸಂಪದಾ. ಇದನ್ನ ಹಳೇ ದರಕ್ಕೆ ಕೊಟ್ರೆ ಶೆಡ್ಡು ಖಾಲಿ ಆಗ್ತದೆ. ಮತ್ತೆ ತುಂಬಿಸೋದು ಹೊಸ ದರದಲ್ಲಿ. ಹಳೇ ದರದ ದುಡ್ಡಲ್ಲಿ ಹೊಸ ದರದ ಮರ ಎಷ್ಟು ಬರ್ತದೆ? ಕಾಮರ್ಸ್ ಓದಿದವಳು ನೀನೇ ಲೆಕ್ಕ ಹಾಕು.’

ಲೆಕ್ಕ ಹಾಕಿದೆ. ಅವರು ಹೇಳಿದ್ದು ಸರಿಯೇ. ಕಾಲೇಜಿನಲ್ಲಿ ಇದಕ್ಕೆ ಒಂದು ಹೆಸರನ್ನೇ ಕಲಿಸಿದ್ದರು. ಆದರೆ ಜಲಜಮ್ಮ ಕೇಳಿದ್ದೂ ಸರಿಯೇ. ಎರಡೂ ಸರಿ ಇರುವ ಕಡೆ ಯಾವುದನ್ನು ಹಿಡಿಯಬೇಕು ಎಂದು ಯಾವ ಪಠ್ಯದಲ್ಲೂ ಇರಲಿಲ್ಲ.

‘ಅದನ್ನೇ ಹೇಳಿ ಅಣ್ಣ,’ ಎಂದೆ. ‘ಶೆಡ್ಡು ತುಂಬಿಸಕ್ಕೆ ಹೆಚ್ಚು ಬೇಕು ಅಂತ ಹೊಸ ಗಿರಾಕಿಗಳಿಗೆ ನೇರ ಹೇಳುವ. ಜನಕ್ಕೆ ಅರ್ಥ ಆಗ್ತದೆ. ಟಾರ್ಪಾಲು ಹೊದೆಸಿಟ್ಟು ಕಾಲುವೆಯ ಹೆಸರು ಹೇಳಿದ್ರೆ ಮಾತ್ರ ನಾಳೆ ನಿಜವಾಗ್ಲೂ ದರ ಏರಿದ ಮರ ಬಂದಾಗ ಯಾರೂ ನಂಬೋದಿಲ್ಲ.’

‘ಹೊಸಬರಿಗಾಯ್ತು. ಜಲಜಮ್ಮನಿಗೆ?’

‘ಅವರ ಎಲೆ ಅಡಿಕೆ ನೀವು ತಗೊಂಡಿದೀರಿ. ನಾನು ನೋಡಿದೀನಿ.’

ಅವರು ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಉರುಳಿಸಿದರು. ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ, ಶಿವಮೊಗ್ಗದಲ್ಲಿ ದಿನಕ್ಕೊಂದು ದರ ಬರೆದು ಬೋರ್ಡು ಹಾಕುತ್ತಾರೆ ಎಂದರು. ಶಿವಮೊಗ್ಗದಲ್ಲಿ ಹಾಕಲಿ, ಅವರು ತಟ್ಟೆ ತೆಗೆದುಕೊಳ್ಳುವುದಿಲ್ಲ ಎಂದೆ. ಅಡ್ಡಗದ್ದೆಯಿಂದ ಶಿವಮೊಗ್ಗಕ್ಕೆ ಹೋಗದೆ ಜಲಜಮ್ಮ ಇಲ್ಲಿಗೆ ಬಂದದ್ದು ಯಾಕೆ ಎಂದೂ ಕೇಳಿದೆ.

ಕೊನೆಗೆ ನಾನು ಹೇಳಬೇಕಾದ್ದನ್ನು ಹೇಳಿದೆ. ‘ಸೋಮವಾರ ನಾನು ಅವರಿಗೆ ಫೋನ್ ಮಾಡ್ತೇನೆ. ದಾಟಿ ಬಂದದ್ದಾ ಅಂತ ಕೇಳ್ತಾರೆ. ಹೌದು ಅಂತ್ಲೇ ಹೇಳ್ತೇನೆ. ಬೇರೆ ಎಂತಾದ್ರೂ ಹೇಳ್ಬೇಕು ಅಂದ್ರೆ ಫೋನು ನೀವೇ ಮಾಡ್ಬೇಕು. ಹಾಗಾದ್ರೆ ನಾನು ಮತ್ತೆ ಕೆಲಸಕ್ಕೆ ಬರೋದಿಲ್ಲ.’

ನನ್ನ ದನಿ ನಡುಗಲಿಲ್ಲ. ಅದು ನನಗೇ ಆಶ್ಚರ್ಯ.

ಗಜಾನನಣ್ಣ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದರು. ‘ಎರಡು ವರ್ಷದಿಂದ ಹೂಂ, ಉಹೂಂ ಬಿಟ್ರೆ ಬೇರೆ ಮಾತಿರ್ಲಿಲ್ಲ. ಎಲ್ಲಿ ಇಟ್ಕೊಂಡಿದ್ದೆ ಮಾರಾಯ್ತಿ ಇಷ್ಟನ್ನ?’ ಎಂದು, ಎದ್ದು, ಹಿಂದಿನ ಶೆಡ್ಡಿನ ಕಡೆ ಹೋದರು. ನಾನು ಕಿಟಕಿಯಿಂದ ನೋಡಿದೆ. ಟಾರ್ಪಾಲಿನ ಒಂದು ಮೂಲೆ ಎತ್ತಿ ಬಗ್ಗಿ ನೋಡಿದರು, ದಿಮ್ಮಿಗಳ ತಲೆಯನ್ನು ಬೆರಳಿನಿಂದ ತಟ್ಟಿದರು, ಬಿಟ್ಟರು, ಮತ್ತೆ ಎತ್ತಿದರು. ಆಮೇಲೆ ಮಂಜಯ್ಯನನ್ನು ಕರೆದು ಇಬ್ಬರೂ ಸೇರಿ ಅದನ್ನು ಪೂರ್ತಿ ಎಳೆದು ಮಡಚಿದರು. ವಾಪಸ್ ಬಂದು, ‘ಹಳೇ ದರ ದಾರಂದ ಒಂದಕ್ಕೇ. ಕಿಟಕಿ, ಒಳಬಾಗಿಲು ಯಾವುದಕ್ಕೂ ನಾನು ತಟ್ಟೆ ತಗೊಂಡಿಲ್ಲ, ಅದನ್ನೂ ಹೇಳು’ ಎಂದರು.

ಸೋಮವಾರ ಫೋನ್ ಮಾಡಿ ಹೇಳಿದೆ. ಜಲಜಮ್ಮ ಧನ್ಯವಾದ ಹೇಳಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಹಾಗಾದರೆ ಮಂಜಯ್ಯನಿಗೆ ಬೇಗ ಕೊಯ್ಯಲು ಹೇಳು, ಗಂಟು ಇರುವ ಕಡೆ ಮೇಲಿನ ಅಡ್ಡಪಟ್ಟಿಗೆ ಬರಬಾರದು ಎಂದರು. ಆ ವಾರ ಡಿಪೋಕ್ಕೆ ಬಂದ ಇಬ್ಬರು ಗಿರಾಕಿಗಳಿಗೆ ಹೊಸ ದರವನ್ನು ನಾನೇ ಹೇಳಿದೆ. ಶೆಡ್ಡು ಮತ್ತೆ ತುಂಬಿಸಲು ಯಾಕೆ ಹೆಚ್ಚು ಬೇಕು ಎಂದೂ ಹೇಳಿದೆ, ಹಿನ್ನೀರಿನ ಉದಾಹರಣೆ ಸಮೇತ. ಒಬ್ಬರು ಗೊಣಗಿ ಹಲಸಿನ ಮರದ ದರ ಕೇಳಿಕೊಂಡು ಹೋದರು. ಇನ್ನೊಬ್ಬರು ಒಪ್ಪಿ ತಟ್ಟೆ ತಂದರು. ಗಜಾನನಣ್ಣ ಅದನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳುವ ಮೊದಲು ಒಂದು ಕ್ಷಣ ಯೋಚಿಸಿದ್ದನ್ನು ನಾನು ಗಮನಿಸಿದೆ.

ಮುಹೂರ್ತದ ದಿನ ಅಡ್ಡಗದ್ದೆಗೆ ಗಜಾನನಣ್ಣನ ಜೊತೆ ನಾನೂ ಹೋದೆ. ಬೆಳಗಿನ ಬಿಸಿಲಿನಲ್ಲಿ ದಾರಂದ ಮಾತ್ರ ನಿಂತಿತ್ತು, ಅದರ ಆಚೆಗೂ ಈಚೆಗೂ ಬಯಲು. ಮಾವಿನ ಸೊಪ್ಪು ಕಟ್ಟಿ, ಅರಿಶಿನ ಕುಂಕುಮ ಹಚ್ಚಿದ್ದರು. ಬೈರಪ್ಪನವರು ಹೊಸ ಪಂಚೆ ಉಟ್ಟು, ಯಾರ ಮುಖವನ್ನೂ ನೋಡದೆ ಮೂಲೆಗಳಿಗೆ ನೀರು ಹಾಕುತ್ತಿದ್ದರು. ಜಲಜಮ್ಮನ ತಮ್ಮನ ಮನೆಯವರು ದೋಣಿಯಲ್ಲಿ ಎರಡು ಸಲಕ್ಕೆ ದಾಟಿ, ತಡವಾಗಿ ಬಂದರು. ಪೂಜೆ ಮುಗಿದು ಪಾನಕ ಕೊಡುವಾಗ ಜಲಜಮ್ಮ ಗಜಾನನಣ್ಣನ ಹತ್ತಿರ ಬಂದು, ಕಿಟಕಿಗಳಿಗೂ ಸಾಗುವಾನಿಯೇ ಬೇಕು ಎಂದರು. ಬೈರಪ್ಪನವರು ತಲೆ ಎತ್ತಿದರು.

‘ಹೊಸ ದರ ಆಗ್ತದೆ ಜಲಜಮ್ಮ,’ ಎಂದರು ಗಜಾನನಣ್ಣ, ನನ್ನ ಕಡೆ ಒಮ್ಮೆ ನೋಡಿ.

‘ಆಗ್ಲಿ. ಅದು ಇನ್ನೂ ದಾಟಬೇಕಲ್ಲ,’ ಎಂದು ಅವರು ಲೋಟ ಕೈಗಿಟ್ಟರು. ‘ಆದ್ರೆ ಎರಡೇ ಕಿಟಕಿ. ಉಳಿದದ್ದು ಆ ಕಾಲುವೆಗೆ ಮಳೆ ಬಂದ ಮೇಲೆ.’

ಬೈರಪ್ಪನವರು ಏನೋ ಹೇಳಲು ಹೊರಟವರು ಹೆಂಡತಿಯ ಮುಖ ನೋಡಿ ಪಾನಕ ಕುಡಿದರು. ಗಜಾನನಣ್ಣ ಚೀಲದಿಂದ ಅಳತೆಯ ಟೇಪು ತೆಗೆದು ನನಗೆ ಕೊಟ್ಟರು. ಇನ್ನೂ ಏಳದ ಗೋಡೆಯಲ್ಲಿ ಕಿಟಕಿ ಎಲ್ಲಿಗೆ ಬರುತ್ತದೆ ಎಂದು ನಾನು ಕೇಳಿದೆ. ಜಲಜಮ್ಮ ಗಾಳಿಯಲ್ಲಿ ಕೈಯಿಂದ ಚೌಕ ಬರೆದು, ‘ಇಲ್ಲಿ, ನನ್ನ ಎದೆ ಮಟ್ಟಕ್ಕೆ’ ಎಂದು ತೋರಿಸಿದರು. ನಾನು ಟೇಪಿನ ತುದಿಯನ್ನು ಅವರ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಹಿಂದಕ್ಕೆ ನಡೆದೆ.